ಗೋಣಿಗೊಂದು ಕೆಲಸ

ಮೊದಲೇ ಹೇಳಿಬಿಡುತ್ತೇನೆ, ನನಗೆ ಕಥೆ ಕೇಳಿ ರೂಢಿ, ಹೇಳಿ ರೂಢಿಯಿಲ್ಲ. ಈ ಜಗಲಿಯ ಮೇಲೆ ಹೇಳುವವನಾಗಿ ಕೂತದ್ದು ಇದೇ ಮೊದಲು. ಎಲ್ಲಾದರೂ ಹಿಂದುಮುಂದಾದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಹತ್ತಿರ ಬನ್ನಿ. ನನ್ನ ಕಾಲ ಬಳಿ ಇರುವ ಇವನ ಬಾಲ ಮಾತ್ರ ತುಳಿಯಬೇಡಿ, ಈಗ ತಾನೆ ಕಣ್ಣು ಮುಚ್ಚಿದ್ದಾನೆ.

ಕೇಳಿ. ನಮ್ಮ ತಾತನ ತಾತನಿಗೆ ಇನ್ನೂ ಹಾಲುಹಲ್ಲು ಬರದ ಕಾಲ. ಒಂದು ಸೀಮೆ ಇತ್ತು. ಹೆಸರು ಕೇಳಬೇಡಿ, ನನಗೆ ಹೇಳಿದವರೂ ಹೇಳಲಿಲ್ಲ. ಆ ಸೀಮೆಯಲ್ಲಿ ದಿಕ್ಕಿಲ್ಲದ ನಾಯಿಗಳಿಗೆ ಒಂದು ದೊಡ್ಡಿ ಇತ್ತು. ದೊಡ್ಡಿ ಅಂದರೆ ಗೊತ್ತಲ್ಲ, ಸುತ್ತ ಮಣ್ಣಿನ ಗೋಡೆ, ಮುಂದೆ ಬಾಗಿಲಿಗೆ ಮುಳ್ಳಿನ ಪಡಿ. ಹೊಲಕ್ಕೆ ನುಗ್ಗಿದ ದನ ಕೂಡಿಹಾಕುತ್ತಾರಲ್ಲ, ಅಂಥದ್ದೇ. ಆದರೆ ಇದು ಶಿಕ್ಷೆಗಲ್ಲ. ಒಳಗೆ ನೆರಳಿತ್ತು, ನೀರಿತ್ತು, ಹೊತ್ತಿಗೆ ಸರಿಯಾಗಿ ಅಂಬಲಿಯೂ ಇತ್ತು. ಇಲ್ಲದ್ದು ಒಂದೇ. ನನ್ನವರು ಅನ್ನುವುದಕ್ಕೆ ಒಬ್ಬರು.

ದೊಡ್ಡಿ ಕಾಯುವವನು ಈರಗ. ಅವನದೊಂದು ಕಟ್ಟಳೆ. ನಾಯಿ ಬೇಕಾದವರು ಪಡಿಯ ಹತ್ತಿರ ನಿಂತು ಅದಕ್ಕೇನು ಕೆಲಸ ಅಂತ ಹೇಳಬೇಕು. ಮನೆ ಕಾಯೋಕೆ ಅಂದರೆ ಸರಿ. ಕುರಿ ಕಾಯೋಕೆ ಅಂದರೆ ಸರಿ. ಹೊಲದಿಂದ ಹಂದಿ ಓಡಿಸೋಕೆ ಅಂದರೂ ಸರಿ. ಹೇಳಿದ ಕೆಲಸ ಮಾಡದ ನಾಯಿ ವಾಪಸ್. ಮೂರು ಸಲ ವಾಪಸಾದ ನಾಯಿಗೆ ದೊಡ್ಡಿಯಲ್ಲೂ ಜಾಗವಿಲ್ಲ, ಹೊಳೆ ದಾಟಿಸಿ ಕಾಡಿಗೆ ಬಿಡಬೇಕು. ಕಾಡಿನಲ್ಲಿ ಚಿರತೆ ಇತ್ತು. ಅಷ್ಟು ಹೇಳಿದರೆ ಸಾಕಲ್ಲ? ಸಾಕು.

ಒಂದು ದಿನ ಆ ದೊಡ್ಡಿಗೆ ಕುಂಬಾರರ ಮಾಳವ್ವ ಬಂದಳು. ಒಂಟಿ ಹೆಂಗಸು. ತಿಗರಿ ತಿರುಗಿಸುತ್ತಾ ಮಡಕೆಗಳ ಜೊತೆ ಮಾತಾಡುವವಳು. ಮಡಕೆ ಉತ್ತರ ಕೊಡುತ್ತದೆಯೇ? ಕೊಡುವುದಿಲ್ಲ. ಅದು ಹೋಗಲಿ. ಅವಳು ಅಂಗಳದಲ್ಲಿ ಹಸಿ ಮಡಕೆ ಒಣಗಲು ಇಟ್ಟರೆ ಊರಿನ ಮೇಕೆಗಳು ಬಂದು ತುಳಿಯುತ್ತಿದ್ದವು. ಹಸಿ ಮಡಕೆ ಅಂದರೆ ಇನ್ನೂ ಸುಡದ ಮಡಕೆ, ಮುಟ್ಟಿದರೆ ಸೊಟ್ಟಗಾಗುತ್ತದೆ. ಅದಕ್ಕೇ ಅವಳಿಗೊಂದು ಬೊಗಳುವ ನಾಯಿ ಬೇಕಿತ್ತು.

ದೊಡ್ಡಿಯ ನಾಯಿಗಳೆಲ್ಲ ಪಡಿಯ ಮೇಲೆ ಹಾರಿದವು. ಒಂದು ಬೊಗಳಿತು, ಒಂದು ಕುಣಿಯಿತು, ಒಂದು ಅವಳ ಸೆರಗೇ ಹಿಡಿಯಿತು. ಮಾಳವ್ವನಿಗೆ ಯಾವುದನ್ನು ಆರಿಸಬೇಕೋ ತಿಳಿಯಲಿಲ್ಲ. ನಡೆದು ಕಾಲು ಸೋತಿತ್ತು, ಒಂದು ಕಲ್ಲಿನ ಮೇಲೆ ಕೂತಳು. ಆಗ ಮೂಲೆಯಿಂದ ಬೂದಿ ಬಣ್ಣದ ದೊಡ್ಡ ನಾಯಿಯೊಂದು ಎದ್ದು ಬಂತು. ಬೊಗಳಲಿಲ್ಲ, ಕುಣಿಯಲಿಲ್ಲ, ಸೆರಗು ಹಿಡಿಯಲಿಲ್ಲ. ಅವಳ ಕಾಲ ಮೇಲೆ ತಲೆ ಇಟ್ಟು ಮಲಗಿತು.

"ಅದು ಬ್ಯಾಡ ಕಣವ್ವ," ಅಂದ ಈರಗ. "ಎರಡು ಸಲ ವಾಪಸ್ ಬಂದದೆ. ಕುರಿ ಕಾಯೋಕೆ ಹೋಗಿ ಕುರಿ ಮಧ್ಯದಲ್ಲಿ ಮಲಗ್ತು. ಮನೆ ಕಾಯೋಕೆ ಹೋಗಿ ಕಳ್ಳನ ಕೈ ನೆಕ್ತು."

"ಕಳ್ಳ ಏನ್ ಮಾಡಿದ?"

"ಕೂತ್ಕೊಂಡು ಅತ್ತನಂತೆ. ಅದೇನು ಕೆಲಸವಾ? ಈಗ ನೀನು ಯಾವ ಕೆಲಸಕ್ಕೆ ಅಂತ ಹೇಳು."

ಮಾಳವ್ವ ತನ್ನ ಕಾಲ ಮೇಲಿನ ಬೆಚ್ಚನೆಯ ತಲೆ ನೋಡಿದಳು. "ಕಾವಲಿಗೆ," ಅಂದುಬಿಟ್ಟಳು.

ಅದು ಮನೆಗೆ ಬಂದು ಅಂಗಳದಲ್ಲಿ ಬಿದ್ದುಕೊಂಡ ಚಂದಕ್ಕೆ ಗೋಣಿ ಅಂತ ಹೆಸರಿಟ್ಟಳು. ನಿಜವಾಗಿಯೂ ಯಾರೋ ಎಸೆದುಹೋದ ಗೋಣಿಚೀಲದ ಹಾಗೇ ಇತ್ತು. ಮೇಕೆಗಳು ಬಂದವು. ಗೋಣಿ ಬೊಗಳಿತೇ? ಇಲ್ಲ. ಒಂದು ಮೇಕೆಮರಿ ಅದರ ಬೆನ್ನಿಗೆ ಒರಗಿ ನಿದ್ದೆಹೋಯಿತು. ಮಾಳವ್ವ ಕೋಲು ತಗೊಂಡು ಬಂದವಳು ನಗಲು ಶುರುಮಾಡಿ ಮೆಟ್ಟಿಲ ಮೇಲೇ ಕೂತಳು. ಅವತ್ತಿನಿಂದ ಅವಳು ಮಡಕೆಗೆ ಹೇಳುತ್ತಿದ್ದುದನ್ನೆಲ್ಲ ಗೋಣಿಗೆ ಹೇಳತೊಡಗಿದಳು. ಗೋಣಿ ಕಿವಿ ಆಡಿಸುತ್ತಿತ್ತು. ಮಡಕೆಗಿಂತ ಅದೆಷ್ಟೋ ಮೇಲು.

ಇನ್ನು ಎರಡು ಸಂಗತಿ ಹೇಳಬೇಕು. ಈಗ ಹೇಳಬೇಕೋ ಆಮೇಲೆ ಹೇಳಬೇಕೋ ತಿಳಿಯದು. ಮರೆತರೆ ಕಥೆ ಕೆಡುತ್ತದೆ, ಈಗಲೇ ಹೇಳುತ್ತೇನೆ. ಒಂದು, ಆ ಊರಿನ ಯಜಮಾನ ಕೆಂಚೇಗೌಡ. ಅವನಿಗೆ ಕರಿಯ ಅಂತ ಒಂದು ನಾಯಿ ಇತ್ತು. ಊರಬಾಗಿಲಲ್ಲಿ ಅದು ಬೊಗಳಿದರೆ ಪಕ್ಕದೂರಿನ ಮಕ್ಕಳು ಎದ್ದು ಕೂರುತ್ತಿದ್ದವು. ಮುಪ್ಪಾಗಿ ಸತ್ತಿತು. ಆಮೇಲೆ ಗೌಡ ಒಂದು ಕಟ್ಟು ಮಾಡಿದ. ಬಾಗಿಲಿಗೆ ಹತ್ತಿರದ ಮನೆಯ ನಾಯಿ ಹೊಸಬರನ್ನು ಕಂಡರೆ ಬೊಗಳಲೇಬೇಕು. ಹತ್ತಿರದ ಮನೆ ಯಾರದು? ಮಾಳವ್ವನದು. ಎರಡು, ಗೌಡ ಅರಳಿಕಟ್ಟೆಯ ಮೇಲೆ ಕೂತು ಏನೇ ಹೇಳಿದರೂ ಅದು ಬರೀ ಮಾತು. ಅವನು ಎದ್ದು ಕೆರ ಮೆಟ್ಟಿದನೋ, ಆಗ ಅದು ತೀರ್ಪು. ಇದನ್ನು ನೆನಪಿಡಿ, ಬೇಕಾಗುತ್ತದೆ.

ಮೊದಲು ಒಬ್ಬ ಬಳೆಗಾರ ಬಂದ. ಎಡವಿ ಬಿದ್ದು ಬಳೆಗಳೆಲ್ಲ ಚೂರಾಗಿದ್ದವು. ಬಾಗಿಲಲ್ಲಿ ಕೂತು ಚೂರುಗಳನ್ನು ನೋಡುತ್ತಿದ್ದ.

ಗೌಡ ಕೇಳಿದ, "ಬೊಗಳ್ತಾ?"

"ಇಲ್ಲ ಗೌಡ್ರೇ," ಅಂದಳು ಮಾಳವ್ವ.

"ಮತ್ತೇನ್ ಮಾಡ್ತು?"

"ಅವನ ಕಾಲ ಮೇಲೆ ತಲೆ ಇಟ್ಟು ಮಲಗ್ತು."

ಆಮೇಲೆ ಒಬ್ಬ ಪೈಲ್ವಾನ ಬಂದ. ಬಾಗಿಲಲ್ಲಿ ನೇರ ನಿಂತರೆ ತಲೆ ತಗಲುವಂಥ ಆಳು. ಕುಸ್ತಿಯಲ್ಲಿ ಸೋತು, ಊರಿಗೆ ಹೋಗಲು ನಾಚಿ, ಗೋಡೆಯ ಮರೆಯಲ್ಲಿ ಬಿಕ್ಕುತ್ತಿದ್ದ.

"ಬೊಗಳ್ತಾ?"

"ಇಲ್ಲ ಗೌಡ್ರೇ."

"ಮತ್ತೇನ್ ಮಾಡ್ತು?"

"ಅವನ ಕಾಲ ಮೇಲೆ ತಲೆ ಇಟ್ಟು ಮಲಗ್ತು. ಅವನು ಅದಕ್ಕೆ ಪಟ್ಟು ಹೇಳಿಕೊಡ್ತಾ ಇದ್ದ."

ಮೂರನೆಯದಾಗಿ ಒಂದು ಗಾಡಿ ಬಂತು. ಗಾಡಿಯಲ್ಲಿ ಮದುವಣಗಿತ್ತಿ, ಹೆಸರು ಚೆಲುವಿ. ಗೌಡನ ಮನೆಗೇ ಬಂದ ಹೊಸ ಸೊಸೆ. ಬಾಗಿಲಲ್ಲಿ ಗಾಡಿ ಇಳಿದು ನಿಂತಾಗ ತವರಿನವರ ಗಾಡಿ ಹಿಂದಕ್ಕೆ ತಿರುಗಿತು. ಅವಳು ಆ ಧೂಳನ್ನೇ ನೋಡುತ್ತಾ ನಿಂತಳು. ಗೌಡ ಈ ಸಲ ಕೇಳಲಿಲ್ಲ, ಯಾಕೆಂದರೆ ತಾನೇ ಎದುರುಗೊಳ್ಳಲು ಬಂದಿದ್ದ, ಕಣ್ಣಾರೆ ಕಂಡ. ಗೋಣಿ ಸೊಸೆಯ ಹೊಸ ಸೀರೆಯ ಮೇಲೆ, ಅವಳ ಕಾಲ ಮೇಲೆ, ತಲೆ ಇಟ್ಟು ಮಲಗಿತು.

"ಸಾಕು," ಅಂದ ಗೌಡ. "ಕಟ್ಟೆಗೆ ಬಾ ಮಾಳವ್ವ, ಅದನ್ನೂ ಕರ್ಕೊಂಡು ಬಾ."

ಮಾರನೇ ದಿನ ಇಳಿಹೊತ್ತು ಊರೆಲ್ಲ ಸೇರಿತು. ಮಾಳವ್ವನ ಕೈ ಗೋಣಿಯ ಕುತ್ತಿಗೆಯ ಮೇಲಿತ್ತು. ಇದು ಮೂರನೇ ಸಲ. ವಾಪಸ್ ಅಂದರೆ ಹೊಳೆಯಾಚೆ. ಹೊಳೆಯಾಚೆ ಏನಿತ್ತು ಅಂತ ಆಗಲೇ ಹೇಳಿದ್ದೇನೆ.

"ಮೇಕೆ ಕಂಡ್ರೆ ಬೊಗಳಲ್ಲ. ಬಳೆಗಾರನ್ನ ಕಂಡ್ರೆ ಬೊಗಳಲ್ಲ. ಗುಡ್ಡದಂಥ ಆಳನ್ನ ಕಂಡ್ರೂ ಬೊಗಳಲ್ಲ," ಅಂದ ಗೌಡ. "ನೀನೇ ಹೇಳವ್ವ, ಅದರ ಕೆಲಸ ಏನು?"

ಮಾಳವ್ವನಿಗೆ ಗೊತ್ತಿತ್ತು, ಹೇಳಲು ಬಾಯಿ ಬರಲಿಲ್ಲ. "ಒಳ್ಳೇದು ಗೌಡ್ರೇ ಅದು," ಅಂದಳು.

"ಒಳ್ಳೇದು ಅನ್ನೋದು ಕೆಲಸ ಅಲ್ಲ."

ಆಗ ಹೆಂಗಸರ ಸಾಲಿನಿಂದ ಒಂದು ದನಿ. "ಮಾವಯ್ಯ, ನಾನೊಂದು ಮಾತು ಹೇಳ್ಲಾ?"

ಹೊಸ ಸೊಸೆ. ನಿನ್ನೆ ಬಂದವಳು. ಅವಳ ದನಿಯನ್ನು ಊರು ಅದೇ ಮೊದಲು ಕೇಳಿದ್ದು.

"ನಿನ್ನೆ ನಾನು ಬಂದಾಗ ಒಬ್ಬರು ಹೊಸ್ತಿಲಲ್ಲಿ ಸೇರು ಒದೆ ಅಂದ್ರು. ಒಬ್ಬರು ಒಡವೆ ತೋರಿಸು ಅಂದ್ರು. ಒಬ್ಬರು ಮುದ್ದೆ ತಿರುವೋಕೆ ಬರುತ್ತಾ ಅಂದ್ರು. ಅವ್ವನ ನೆನಪಾಗ್ತಾ ಐತಾ ಅಂತ ಯಾರೂ ಕೇಳಲಿಲ್ಲ. ಇದೂ ಕೇಳಲಿಲ್ಲ ಬಿಡಿ, ಇದಕ್ಕೆ ಮಾತು ಬರಲ್ಲ. ಆದರೆ ನಾನು ಅಳೋದು ಮುಗಿಯೋತನಕ ಏಳಲಿಲ್ಲ."

"ಮುದ್ದೆ ಕೇಳಿದ್ದು ನಾನಲ್ಲ," ಅಂದಳು ಒಬ್ಬಳು ಹಿಂದಿನಿಂದ. ಎಲ್ಲರೂ ಅವಳತ್ತ ತಿರುಗಿದರು.

"ಅದಕ್ಕೆ ಏನು ಹೆಸರಮ್ಮ?" ಅಂದ ಗೌಡ, ಸ್ವಲ್ಪ ತಗ್ಗಿ. "ಕೆಲಸಕ್ಕೊಂದು ಹೆಸರು ಬೇಕು."

"ಜೊತೆಗೆ ಕೂರೋ ಕೆಲಸ, ಮಾವಯ್ಯ."

"ಅಂಥ ಕೆಲಸ ನಮ್ಮ ಸೀಮೇಲಿ ಇಲ್ಲ," ಅಂದ ಗೌಡ. ಹಟದ ಮನುಷ್ಯ. "ನಾಯಿ ಅಂದ್ಮೇಲೆ ಬೊಗಳಬೇಕು. ನಮ್ಮ ಕರಿಯ ಬೊಗಳ್ತಿತ್ತು. ಅದು ಹೋದಮೇಲೆ ಬಾಗಿಲಲ್ಲಿ ಸದ್ದೇ ಇಲ್ಲ. ಎಷ್ಟು ಹೊತ್ತು ಕಿವಿಗೊಟ್ಟು ಕೂತ್ರೂ ಸದ್ದೇ ಇಲ್ಲ. ಇದನ್ನ ಹೊಳೆ ದಾಟ್ಸಿ."

ಅಂದ. ಎದ್ದನೇ? ಏಳಬೇಕು ಅಂತ ಕಾಲು ಕೆಳಗಿಟ್ಟ, ಕೆರ ಹುಡುಕಿದ. ಆಗ ಗೋಣಿ ಮಾಳವ್ವನ ಕೈಯಿಂದ ನುಣುಚಿಕೊಂಡು ಬಂತು. ಊರು ನೋಡುತ್ತಲೇ ಇತ್ತು. ಬಂದು, ಗೌಡನ ಕಾಲ ಮೇಲೆ ತಲೆ ಇಟ್ಟು ಮಲಗಿತು.

ಗೌಡ ಕಾಲು ಎಳೆದುಕೊಳ್ಳಬಹುದಿತ್ತು. ಎಳೆದುಕೊಳ್ಳಲಿಲ್ಲ. ಅವನ ಕೈ ತಾನಾಗಿ ಕೆಳಗೆ ಹೋಗಿ ಗೋಣಿಯ ಕಿವಿಯ ಹಿಂದೆ ಕೆರೆಯತೊಡಗಿತು. ಕರಿಯನಿಗೆ ಕೆರೆಯುತ್ತಿದ್ದುದೂ ಅಲ್ಲೇ. ದನಗಳು ಮನೆಗೆ ಬಂದವು, ಗೌಡ ಏಳಲಿಲ್ಲ. ಹಕ್ಕಿಗಳು ಮರಕ್ಕೆ ಬಂದವು, ಗೌಡ ಏಳಲಿಲ್ಲ. ಕೊನೆಗೆ ಗೌಡನ ಹೆಂಡತಿಯೇ ಬಂದಳು.

"ಏನೂಂದ್ರೆ, ಮುದ್ದೆ ಆರಿಹೋಗ್ತಾ ಐತೆ. ಆ ತೀರ್ಪು ಮುಗಿಸಿ ಏಳಬಾರದಾ?"

"ಮೆಲ್ಲಗೆ ಮಾತಾಡೇ," ಅಂದ ಗೌಡ. "ಮಲಗವ್ನೆ."

ಮಾಳವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಚೆಲುವಿ ನಕ್ಕಳು. ಊರೇ ನಕ್ಕಿತು, ಮೆಲ್ಲಗೆ, ನಾಯಿ ಏಳದ ಹಾಗೆ. ಗೌಡ ಕೂತಲ್ಲಿಂದಲೇ ಮಾತು ಬದಲಿಸಿದ. "ಇದಕ್ಕೆ ಕೆಲಸ ಐತೆ. ಜೊತೆಗೆ ಕೂರೋದು. ಬಾಗಿಲಿಗೆ ಬಂದವರ ಜೊತೆ, ಊರೊಳಗಿನವರ ಜೊತೆ, ಯಾರಿಗೆ ಬೇಕೋ ಅವರ ಜೊತೆ." ಗೋಣಿ ತಾನಾಗಿ ಎಚ್ಚೆತ್ತು, ಮೈಮುರಿದು, ಮಾಳವ್ವನ ಹತ್ತಿರ ಹೋದಮೇಲೆ ಗೌಡ ಎದ್ದ. ಜೋಮು ಹಿಡಿದ ಕಾಲು ಕೊಡವಿ ಕೆರ ಮೆಟ್ಟಿದ. ತೀರ್ಪಾಯಿತು. ಅವತ್ತಿನಿಂದ ಈರಗನ ದೊಡ್ಡಿಯಲ್ಲಿ ಆ ಕೆಲಸ ಹೇಳಿಯೂ ನಾಯಿ ತರಬಹುದಾಯಿತು. ದೊಡ್ಡಿ ಎಷ್ಟು ಬೇಗ ಖಾಲಿಯಾಯಿತು ಅಂತೀರಿ.

ಮೇಕೆಗಳ ಕಥೆ ಏನಾಯಿತು ಅಂತ ನಿಮಗೆ ಅನ್ನಿಸಿರಬಹುದು. ಅದನ್ನು ಬಿಡಿಸಿ ಹೇಳಬೇಕು. ಆ ಪೈಲ್ವಾನ ಇದ್ದನಲ್ಲ, ಅವನು ಗೋಣಿಯನ್ನು ನೋಡಲು ಮತ್ತೆ ಬಂದ. ಬಂದವನು ಮಾಳವ್ವನ ಅಂಗಳಕ್ಕೆ ಬೇಲಿ ಹಾಕಿಕೊಟ್ಟ. ಬೇಲಿ ಅಂದರೆ ಸುಮ್ಮನೆ ಮುಳ್ಳು ಒಟ್ಟುವುದಲ್ಲ, ಮೊದಲು ಗೂಟ ನೆಡಬೇಕು, ಗೂಟ ಎಷ್ಟು ಆಳ ಅಂದರೆ…

ಯಾರು? ಊಟಕ್ಕಾ? ಬಂದೆ ಕಣೇ, ಬಂದೆ.

ಮನೆಯವಳು ಕರೆಯುತ್ತಿದ್ದಾಳೆ, ನಾನು ಏಳಬೇಕು. ಗೋಣಿ ಆ ಊರಿನ ಬಾಗಿಲಲ್ಲಿ ತಣ್ಣಗಿರಲಿ, ನಾವು ಈ ಊರಿನ ಜಗಲಿಯಲ್ಲಿ ತಣ್ಣಗಿರೋಣ. ಆದರೆ ಇವನು ನೋಡಿ, ಯಾವಾಗಲೋ ನನ್ನ ಕಾಲ ಮೇಲೆ ತಲೆ ಇಟ್ಟಿದ್ದಾನೆ. ಯಾರಾದರೂ ಒಳಗೆ ಹೋಗಿ ಸ್ವಲ್ಪ ಹೇಳಿ, ಮುದ್ದೆ ಮುಚ್ಚಿಡಲಿ. ಮೆಲ್ಲಗೆ ಹೇಳಿ.