ಗಾಳಿ ಬಿಡಿಸಿದ ಕಾರು

ಹಲೋ… ಯಾರು ಮಾತನಾಡುತ್ತಿರುವುದು? ಇದು ನನ್ನ ಭಾವಮೈದುನ ಮೈಲಾರಿಯ ಫೋನಲ್ಲವೇ? ನಾನು ಹೊನ್ನಾಳಿಯಿಂದ ಷಣ್ಮುಖಪ್ಪ, ನಿವೃತ್ತ ವಿಜ್ಞಾನ ಶಿಕ್ಷಕ…

ಹಾಂ, ಅವನು ನನ್ನ ಕಾರು ಓಡಿಸುತ್ತಿದ್ದಾನೋ? ಹಾಗಾದರೆ ಫೋನು ನಿಮಗೆ ಕೊಟ್ಟದ್ದೇ ಸರಿ. ನಿಯಮವೆಂದರೆ ನಿಯಮ. ತಾವು ಯಾರು?…

ಕೆರೆಬಿಳಚಿಯ ಜಂಪಣ್ಣನವರೇ? ಗಾಳಿ ಬಿಡಿಸಿದವರು ತಾವೇ ಅಲ್ವಾ! ಸಂತೋಷ. ಬ್ರೇಕಿಗೆ ಹೊಸ ಸಾಮಾನು ಹಾಕಿದಾಗ ಎಣ್ಣೆಯ ಪೈಪಿನೊಳಗೆ ಗಾಳಿ ಸೇರಿತ್ತು. ಪೆಡಲ್ ತುಳಿದರೆ ನೆಲಕ್ಕೇ ಇಳಿಯುತ್ತಿತ್ತು. ಬಲ್ಲವರನ್ನು ಚನ್ನಗಿರಿಯ ನಿನ್ನ ಮನೆಗೇ ಕರೆಸಿ ಬಿಡಿಸು ಎಂದು ಮೈಲಾರಿಗೆ ನಾನೇ ಹೇಳಿದ್ದೆ. ಯಾವ ಚಕ್ರದಿಂದ ಶುರು ಮಾಡಿದಿರಿ?…

ನಾಲ್ಕಕ್ಕೂ ಒಟ್ಟಿಗೇ ಹೊಗೆ ಹಾಕಿದಿರಾ? ಹೊಗೆ ಏಕೆ?…

ಬೇವಿನ ಸೊಪ್ಪಿನಿಂದ ಬಾನೆಟ್ಟಿಗೆ ಹೊಡೆದಿರಾ? 'ಯಾರು ನೀನು, ಯಾವೂರು' ಎಂದು ಕೇಳಿದಿರಾ? ಅದು ಏನೆಂದಿತು?… ಹಾರ್ನ್ ಹೊಡೆಯಿತೇ!

ರೀ ಜಂಪಣ್ಣನವರೇ, ನಾನು ಹೇಳಿದ್ದು ಪೈಪಿನೊಳಗಿನ ಗಾಳಿ, ದೆವ್ವದ ಗಾಳಿಯಲ್ಲ! ಮಕ್ಕಳಿಗೆ ವಿವೇಕ ಬೋಧಿಸಿದವನ ಕಾರಿಗೆ ಬೇವಿನೇಟು! ಇದು ಅಕ್ಷಮ್ಯ…

ಏನು, ಪೆಡಲ್ ಈಗ ಕಲ್ಲಿನಂತೆ ಗಟ್ಟಿಯೇ? ಹೇಗೆ ಸಾಧ್ಯ? ಅದರಡಿ ಏನಿಟ್ಟಿದ್ದೀರಿ?… ಮಂತ್ರಿಸಿದ ತೆಂಗಿನಕಾಯಿಯೇ!

ಮತ್ತೆ ಇಷ್ಟು ದೂರ ಹೇಗೆ ಬಂದಿರಿ?… ಎದುರಿಗೆ ಬಂದವರೆಲ್ಲ ತಾವಾಗಿಯೇ ದಾರಿ ಬಿಟ್ಟರೇ? ಅದು ನಿಮ್ಮ ಮಹಿಮೆಯಲ್ಲ ಸ್ವಾಮಿ, ಅವರ ವಿವೇಕ!

ಈಗ ಎಲ್ಲಿದ್ದೀರಿ?… ನಮ್ಮ ಬೀದಿಯ ಇಳಿಜಾರಿನಲ್ಲೇ? ಹಿಂದಿನ ಸೀಟಿನಲ್ಲಿ ಯಾರದು ಕಿರುಚುತ್ತಿರುವುದು?… ಲಕ್ಷ್ಮಮ್ಮನೇ? ರೀ, ಅವಳು ತವರಿಗೆ ಹೋಗಿದ್ದ ನನ್ನ ಹೆಂಡತಿ! ಹ್ಯಾಂಡ್‌ಬ್ರೇಕ್ ಎಳೆಯಿರಿ!…

ತಾಯತ ಕಟ್ಟಿದೆಯೇ? ಅಮಾವಾಸ್ಯೆಯವರೆಗೆ ಮುಟ್ಟಬಾರದೇ? ಮುಟ್ರೀ! ಪಾಪವೆಲ್ಲ ನನಗೇ ಬರಲಿ, ಮುಟ್ರೀ!…

ಏ ಮೈಲಾರಿ! ಕಾಯಿ ಒದೆಯೋ! ಗೇರ್ ಇಳ್ಸೋ! ಮುಂದೆ ಗೋಡೆ ಐತೆ ಕಣೋ, ನಮ್ ಗೋಡೆ ಐತೆ!…

ಅಯ್ಯೋ! ಫೋನಿನಲ್ಲೂ ಕೇಳಿತು, ನಮ್ಮ ಅಂಗಳದಲ್ಲೂ ಕೇಳಿತು! ಲಕ್ಷ್ಮಮ್ಮ ಹೆಂಗಿದಾಳೆ ಹೇಳ್ರೀ!… ಬೈತಿದಾಳಾ? ಯಾರಿಗೆ?… ನನಗೇನಾ? ಸದ್ಯ, ಕ್ಷೇಮವಾಗಿದ್ದಾಳೆ.

ಏನಂದ್ರಿ ಜಂಪಣ್ಣ? ಬುಸ್ ಅಂತ ಗಾಳಿ ಬಿಟ್ಟು ಹೋಗ್ತಾ ಐತಾ? ರೀ, ಅದು ಮುಂದಿನ ಟೈರು ರೀ! ಅದಕ್ಕೂ ಬೇವು ಹಿಡ್ಕಂಡು ನಿಲ್ಲಬ್ಯಾಡ್ರಿ, ಮೊದಲು ಬಾಗಿಲು ತೆಗೆದು ಅವಳನ್ನ ಇಳ್ಸ್…

ಹಲೋ?… ಹಲೋ…