ಚಂದ್ರಾಮಣ್ಣನ ಉಳಿ

ನಗಬ್ಯಾಡ್ರಿ. ಲೈಟ್ ಸಣ್ಣ ಮಾಡ್ರಿ, ಹೇಳ್ತೀನಿ. ಭಂಕೂರದಾಗ ನಮ್ಮ ಕಾಕಾನ ಮಗ ಕಪಿಲಗ ಆಗಿದ್ದು.

ಅವನ ಬಾಜೂ ಮನ್ಯಾಗ ಚಂದ್ರಾಮಣ್ಣ ಇದ್ದ. ಪರ್ಸಿ ಖಣ್ಯಾಗ ಹಾಸುಗಲ್ಲು ಒಡೆದೂ ಒಡೆದೂ ಧೂಳು ಎದ್ಯಾಗ ಕುಂತು, ಕಾಯಂ ದಮ್ಮು. ದವಾಖಾನ್ಯಾಗ ಬಾಯಾಗ ನಳಿಗಿ ಹಾಕಿ ಭಾಳ ದಿನ ಮಷೀನ್ ಮ್ಯಾಲ ಇಟ್ಟರು. ಆ ನಳಿಗಿ ಒತ್ತಿ ಉಸುರಿನ ದಾರೀನೇ ಸಣ್ಣಾತು. ಅಪರೂಪಕ್ಕ ಹಂಗ ಆಗ್ತದಂತ. ಕಡೀಗಿ ಗಂಟಲಿಗೇ ತೂತು ಹಾಕಿ ನಳಿಗಿ ಕೂಡಿಸಿದ್ರು. ಉಸುರು ಬಿಟ್ಟರ ಸುಂಯ್... ಸುಂಯ್... ಮಾತಾಡಬೇಕಂದ್ರ ತೂತಿಗಿ ಬೆರಳ ಒತ್ತಬೇಕು. ಕೂಗಲಿಕ್ಕಂತೂ ಆಗ್ತಿದ್ದಿಲ್ಲ. ಕಫ ಸಿಕ್ಕೊಂಡ್ರ ಬಾಗಲದ ಪರ್ಸಿ ಮ್ಯಾಲ ಉಳಿ ಇಟ್ಟು ಸುತ್ತಿಗಿಲೆ ಬಡೀತಿದ್ದ. ಠಣ್... ಠಣ್... ಹೆಂಡತಿ ಭೀಮಬಾಯಿ ಓಡಿ ಬಂದು ನಳಿಗಿ ತೊಳೀತಿದ್ದಳು.

ಅವತ್ತ ಆಕಿ ಚಿಮ್ಮನಚೋಡಕ್ಕ ತವರಿಗಿ ಹೋಗಬೇಕಾಗಿತ್ತು.

"ಕಪಿಲ, ಇದೊಂದ್ ರಾತ್ರಿ ಕಿವಿ ಕೊಟ್ಟಿರಪ್ಪ."

"ಹೋಗ್ರಿ ವೈನಿ, ನಾ ಇದೀನಿ" ಅಂದ ನಮ್ಮ ಶಾಣ್ಯಾ. ಅಂದು, ವಾಡಿಗಿ ದೋಸ್ತನ ಮದಿವಿ ಊಟಕ್ಕ ಹೋದ.

ಬರೂದ್ರಾಗ ಊರು ಮಲಗಿತ್ತು. ನೀರು ತುಂಬಿದ ಹಳೇ ಖಣಿ ದಂಡಿಗಿ ಬಂದಾನ... ಠಣ್... ಠಣ್... ಸಪ್ಪಳ ಬಂದಿದ್ದು ಊರ ಕಡಿಂದ, ನೀರಿಗಿ ಬಡಿದು ಖಣ್ಯಾಗಿಂದ ಬಂದಂಗ ಕೇಳಸ್ತು. ನಮ್ಮ ಕಲ್ಲಿನ ಮಂದ್ಯಾಗ ಒಂದು ಮಾತದ. ರಾತ್ರಿ ಖಣ್ಯಾಗ ಉಳಿ ಸಪ್ಪಳಾದ್ರ ಓ ಅನಬಾರದು, ಅಲ್ಲಿ ಸತ್ತೋರು ಕರೀತಾರ. ಕಪಿಲ ಎರಡೂ ಕಿವಿ ಮುಚ್ಚಿಕೊಂಡು ಹೊಲ ಸುತ್ತಿ ಬಂದ. ವೈನಿ ಮಾತು ನೆನಪೇ ಆಗಲಿಲ್ಲ, ಮೂಳಗ.

ಕಪಿಲನ ಮನಿ ಕಟ್ಟಿ ಮ್ಯಾಲ ಚಂದ್ರಾಮಣ್ಣ ಕುಂತಿದ್ದ. ಎರಡೂ ಕೈ ಮೊಣಕಾಲ ಮ್ಯಾಲ.

"ಈಗ ಬಂದೇನು, ತಮ್ಮಾ?"

"ಹೂಂ ಅಣ್ಣಾ... ನಿದ್ದಿ ಬರಲಿಲ್ಲೇನು?"

"ಉಸುರು ಹಗರ ಆಗ್ಯಾದ. ಮಲಕೋ ಹೋಗು."

ಒಳಗ ಹೋಗಿ ಹಾಸಗಿ ಬಿಚ್ಚಿದ ಮ್ಯಾಲ ತಲಿಗಿ ಹೊಳೀತು... ಸುಂಯ್ ಅನ್ನೋದು ಕೇಳಲೇ ಇಲ್ಲ. ಗಂಟಲಿಗಿ ಬೆರಳೂ ಒತ್ತಿದ್ದಿಲ್ಲ.

ಹೊರಗ ಓಡಿದ. ಕಟ್ಟಿ ಖಾಲಿ. ಬಾಜೂ ಮನಿ ಬಾಗಲದಾಗ ಚಂದ್ರಾಮಣ್ಣ ಬೋರಲ ಬಿದ್ದಿದ್ದ. ಮೈ ತಣ್ಣಗ. ನಳಿಗಿ ತುಂಬ ಕಫ ಒಣಗಿತ್ತು. ಕೈಯಾಗ ಸುತ್ತಿಗಿ ಇತ್ತು... ಉಳಿ ಇದ್ದಿಲ್ಲ.

ಮುಂಜಾನಿ ಭೀಮಬಾಯಿ ಬಂದು ಕೇಳಿದ್ದು ಒಂದೇ.

"ಅವರು ಬಡೀಲಿಲ್ಲೇನಪ್ಪ?"

"ಇಲ್ಲ ವೈನಿ... ಏನೂ ಕೇಳಸಲಿಲ್ಲ."

ನಾಚಿಕಿಗಿ ಇವತ್ತಿಗೂ ಆಕಿ ಮುಖ ನೋಡಂಗಿಲ್ಲ ಅವ. ಆಕಿ ಕಂಡೋರನ್ನೆಲ್ಲ ಕೇಳಲಿಕತ್ತಾಳ, ನಮ್ಮವರ ಉಳಿ ನೋಡೀರೇನು ಅಂತ.

ಉಳಿ ಅವತ್ತೇ ಕಪಿಲನ ಹಾಸಗಿ ಮ್ಯಾಲ ಸಿಕ್ಕಿತ್ತು. ಕೊಡಬೇಕಂದ್ರ ಎಲ್ಲಾ ಹೇಳಬೇಕಲ್ಲ. ಜ್ವಾಳದ ಚೀಲದ ಹಿಂದ ಇಟ್ಟಾನ. ದಿನಾ ರಾತ್ರಿ ಒರಸ್ತಾನ. ಮುಂಜಾನಿ ನೋಡಿದ್ರ ತುದಿಗಿ ಮತ್ತ ಹೊಸ ಕಲ್ಲಿನ ಹಿಟ್ಟು. ನಾನೇ ಬೆರಳಿಲೆ ಮುಟ್ಟಿ ನೋಡೀನಿ... ಖರೇನ ಅದ.