ತರಗತಿ ಕೇಳಿದ ಪ್ರಶ್ನೆ

ಕಣ್ಣಾಸ್ಪತ್ರೆಯ ನರ್ಸು ಅತ್ತೆಯ ಕಣ್ಣಿಗೆ ಹನಿ ಹಾಕಿ, ಮುಚ್ಚಿಕೊಂಡೇ ಇರಿ ಎಂದು ಪಕ್ಕದವರ ಕಡೆ ತಿರುಗಿದಳು. ಅತ್ತೆ ಸೊಸೆ ಇಬ್ಬರೂ ಒಂದೇ ಶಾಲೆಯ ಟೀಚರುಗಳು. ಹೊಸ ಪಠ್ಯಕ್ರಮದ ವಾದವನ್ನು ಮನೆಯಿಂದಲೇ ಹೊತ್ತು ತಂದಿದ್ದರು. ನರ್ಸಿನ ಕಿವಿ ಇವರ ಮಾತಿನ ಕಡೆಗೇ ಇತ್ತು.

“ವಿಷಯಕ್ಕೊಂದು ಕ್ರಮ ಅಂತ ಇರತ್ತೆ ಕಣೇ. ಭಾಗಾಕಾರ ಬಾರದೆ ಭಿನ್ನರಾಶಿ ಬರತ್ತಾ?”

“ಮಕ್ಕಳ ಪ್ರಶ್ನೆಯಿಂದ ಶುರು ಮಾಡಿದ್ರೂ ಕ್ರಮ ಬರತ್ತೆ ಅತ್ತೆ.”

“ಅವರು ಕೇಳದೇ ಇರೋದನ್ನ ಯಾವಾಗ ಕಲಿಸ್ತೀಯ?”

“ಕೇಳಿದ್ದನ್ನ ನೀವು ಯಾವಾಗ ಕಲಿಸ್ತೀರಿ? ನಿಮ್ಮ ತರಗತಿಯ ಆ ಹುಡುಗಿ ತೀರಿಕೊಂಡ ಮಾರನೇ ದಿನ, ಅವಳು ಎಲ್ಲಿಗೆ ಹೋದಳು ಅಂತ ಇಡೀ ತರಗತಿ ಕೇಳ್ತು. ನೀವು ಭಿನ್ನರಾಶಿ ಮಾಡಿದ್ರಿ.”

ಅತ್ತೆಯ ಮುಚ್ಚಿದ ರೆಪ್ಪೆಯಡಿಯಿಂದ ನೀರಿಳಿಯಿತು. ಒರೆಸಲೆಂದು ಹತ್ತಿ ತಂದ ನರ್ಸು ಅಲ್ಲೇ ನಿಂತಳು.

“ಪಾಠ ಬಿಟ್ಟಿದ್ರೆ ಅವರೆದುರೇ ಅತ್ತುಬಿಡ್ತಿದ್ದೆ ಕಣೇ.”

“ಅಳಬಹುದಿತ್ತು ಅತ್ತೆ. ಅವರೂ ಅಳ್ತಿದ್ರು.”

ಒಳಗಿನಿಂದ ಡಾಕ್ಟರು ಕರೆದರು. ಅತ್ತೆ ಸೊಸೆಯ ಭುಜ ಹಿಡಿದು ಎದ್ದರು.

“ಈಗ್ಲೂ ಕೇಳ್ತಾರಾ?”

“ನಿಮ್ಮನ್ನ ಕೇಳಲ್ಲ. ನನ್ನ ಕೇಳ್ತಾರೆ.”

“ಸೋಮವಾರ ನನ್ನ ತರಗತಿ ನೀನು ತಗೋ. ನಾನು ಹಿಂದೆ ಮಕ್ಕಳ ಜೊತೆ ಕೂತಿರ್ತೀನಿ,” ಎನ್ನುತ್ತಾ ಅತ್ತೆ ತಡವರಿಸಿಕೊಂಡು ಒಳಗೆ ನಡೆದರು.